ಭೂತಬಂಗಲೆಯ ಸಾಮಾನು ಪಟ್ಟಿ

ಇಂಗ್ಲೆಂಡಿನ ರಾಣಿಯಿಂದ ಕರೆ ಬಂದಿದೆ. ಬ್ಲ್ಯಾಕ್‌ಪೂಲ್‌ನಲ್ಲಿ ರೇವನ್‌ಹರ್ಸ್ಟ್ ಎಂಬ ಬಂಗಲೆ ಪಾಳು ಬಿದ್ದಿದೆ, ಅಲ್ಲಿ ನಡೆಯಬಾರದ್ದೇನೋ ನಡೆದುಹೋಗಿದೆ, ಹೋಗಿ ಪತ್ತೆ ಮಾಡಿ ಎಂದು. ಪತ್ತೇದಾರರು ಬೇರೆ ಯಾರೂ ಅಲ್ಲ, ಕಂಪ್ಯೂಟರ್ ಮುಂದೆ ಮೌಸ್ ಹಿಡಿದು ಕೂತವರೇ. ಒಳಗೆ ಕಾಲಿಟ್ಟರೆ ಮಬ್ಬು ಬೆಳಕು, ದೂಳು, ಎಲ್ಲೋ ಒಬ್ಬಳು ಪಿಸುಗುಟ್ಟಿದ ಹಾಗೆ ಸದ್ದು. ಇನ್ನೇನು ದೆವ್ವ ಬಂತು ಅನ್ನುವಷ್ಟರಲ್ಲಿ ಪರದೆಯ ಅಂಚಿನಲ್ಲಿ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದೆ: ಕತ್ತರಿ, ಗೂಬೆ, ಪಿಟೀಲು, ಕುದುರೆ ಲಾಳ, ಬಾಳೆಹಣ್ಣು... ಇಂಥ ಜಾತಿಯವೇ ಒಂದಷ್ಟು. ಎದುರಿನ ಕೋಣೆಯಲ್ಲಿ ನೂರಾರು ಸಾಮಾನು ಒಂದರ ಮೇಲೊಂದು ಬಿದ್ದಿವೆ. ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ಹುಡುಕಿ ಕ್ಲಿಕ್ ಮಾಡಬೇಕು. ಎಲ್ಲ ಸಿಕ್ಕರೆ ಮುಂದಿನ ಬಾಗಿಲು.

2006ರಲ್ಲಿ ಬಂದ ‘ಮಿಸ್ಟರಿ ಕೇಸ್ ಫೈಲ್ಸ್: ರೇವನ್‌ಹರ್ಸ್ಟ್’ ಎಂಬ ವಿಡಿಯೊ ಗೇಮಿನ ಸ್ವರೂಪ ಇದು. ಅಮೆರಿಕದ ಸಿಯಾಟಲ್‌ನ ಬಿಗ್ ಫಿಶ್ ಗೇಮ್ಸ್ ಕಂಪನಿ ಅದಕ್ಕೆ ಮೊದಲೇ ‘ಹಂಟ್ಸ್‌ವಿಲ್’ (2005), ‘ಪ್ರೈಮ್ ಸಸ್ಪೆಕ್ಟ್ಸ್’ (2006) ಎಂಬ ಎರಡು ಆಟಗಳನ್ನು ಇದೇ ಸರಣಿಯಲ್ಲಿ ಬಿಟ್ಟಿತ್ತು. ಅವು ಹಗಲು ಬೆಳಕಿನ ಆಟಗಳು, ಊರಿನ ಕಳ್ಳರನ್ನು ಹಿಡಿಯುವ ತಮಾಷೆ. ಮೂರನೆಯದರಲ್ಲಿ ಬೆಳಕು ಆರಿಸಿದರು. ಅಲ್ಲಿಂದ ಮುಂದೆ ಸುಮಾರು ಹತ್ತು ವರ್ಷ ‘ಹಿಡನ್ ಆಬ್ಜೆಕ್ಟ್’ (ಬಚ್ಚಿಟ್ಟ ವಸ್ತು ಹುಡುಕುವ) ಆಟ ಅಂದರೆ ಪಾಳು ಬಂಗಲೆ, ಸ್ಮಶಾನ, ಮುಚ್ಚಿದ ಆಸ್ಪತ್ರೆ, ಮಂಜು ಕವಿದ ಹಳ್ಳಿ ಎಂದೇ ಅರ್ಥವಾಗಿಹೋಯಿತು.

ಮೊದಲ ಸಲ ನೋಡುವವರಿಗೆ ಇದು ಅಸಂಬದ್ಧ ಅನ್ನಿಸುತ್ತದೆ. ಕೊಲೆಯಾದ ಹೆಣ್ಣಿನ ಆತ್ಮ ಗೋಡೆಯೊಳಗೆ ನರಳುತ್ತಿರುವಾಗ ನಾನು ಬಾಳೆಹಣ್ಣು ಹುಡುಕಬೇಕೆ? ಆಟಗಳನ್ನು ವಿಮರ್ಶಿಸುವವರೂ ಬಹುಕಾಲ ಹೀಗೇ ನಕ್ಕು ಸುಮ್ಮನಾದರು. ಬಂದೂಕು, ಕತ್ತಿ, ಕಾರ್ ರೇಸುಗಳ ಬಗ್ಗೆ ಪುಟಗಟ್ಟಲೆ ಬರೆದವರು ಇವನ್ನು ಅಮ್ಮಂದಿರ ಹೊತ್ತುಕಳೆಯುವಿಕೆ ಎಂದು ಬದಿಗೆ ಸರಿಸಿದರು. ನನ್ನ ಪ್ರಕಾರ ಸಾಮಾನಿಗೂ ದೆವ್ವಕ್ಕೂ ಇರುವ ಸಂಬಂಧ ಯಾವ ಕಂಪನಿಯೂ ಹುಟ್ಟಿಸಿದ್ದಲ್ಲ. ಪಾಳು ಕೋಟೆ, ದೆವ್ವ, ರಹಸ್ಯಗಳ ‘ಗಾಥಿಕ್’ ಕಥೆ ಹುಟ್ಟಿದ್ದೇ ಸಾಮಾನು ತುಂಬಿದ ಒಂದು ಮನೆಯಲ್ಲಿ. ಅದನ್ನು ಕಟ್ಟಿಸಿದವನು ಆ ಸಾಮಾನುಗಳ ಪಟ್ಟಿಯನ್ನೂ ಅಚ್ಚು ಹಾಕಿಸಿದ್ದ.

ವಾಲ್‌ಪೋಲ್ ಸಾಹೇಬರ ಮನೆ

ಹೊರೇಸ್ ವಾಲ್‌ಪೋಲ್ ಬ್ರಿಟನ್ನಿನ ಮೊದಲ ಪ್ರಧಾನಿ ಎನ್ನಿಸಿಕೊಂಡ ರಾಬರ್ಟ್ ವಾಲ್‌ಪೋಲ್‌ನ ಮಗ. ದುಡ್ಡಿತ್ತು, ಹೊತ್ತಿತ್ತು, ಹುಚ್ಚೂ ಇತ್ತು. ಲಂಡನ್ನಿನ ಪಕ್ಕ ಟ್ವಿಕನ್‌ಹ್ಯಾಮ್‌ನಲ್ಲಿ ಥೇಮ್ಸ್ ನದಿಯ ಹತ್ತಿರ ಸಣ್ಣದೊಂದು ಮನೆ ಕೊಂಡು, ಅದಕ್ಕೆ ಗೋಪುರ, ಕಮಾನು, ಬಣ್ಣದ ಗಾಜು ಸೇರಿಸುತ್ತ ಹೋಗಿ ಹಳೆಗಾಲದ ಕೋಟೆಯ ಹಾಗೆ ಮಾಡಿದ. ಅದೇ ಸ್ಟ್ರಾಬೆರಿ ಹಿಲ್. ಒಳಗೆ ತುಂಬಿದ ವಸ್ತುಗಳನ್ನು ನೋಡಿ: ಕಾರ್ಡಿನಲ್ ವೂಲ್ಸಿಯದು ಎನ್ನಲಾದ ಕೆಂಪು ಟೋಪಿ. ಮೊದಲನೇ ಎಲಿಜಬೆತ್ ರಾಣಿಯ ಜೋಯಿಸ ಜಾನ್ ಡೀ ದೆವ್ವಗಳ ಜೊತೆ ಮಾತಾಡಲು ಬಳಸುತ್ತಿದ್ದನೆಂದು ಹೇಳುವ ಕಪ್ಪು ಕಲ್ಲಿನ ಕನ್ನಡಿ. ಮೆಕ್ಸಿಕೊ ಮೂಲದ ಆ ಕನ್ನಡಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅವನ ಮುದ್ದಿನ ಬೆಕ್ಕು ಸೆಲೀಮಾ ಮೀನು ಹಿಡಿಯಲು ಹೋಗಿ ಮುಳುಗಿ ಸತ್ತ ಚೀನಾ ಪಿಂಗಾಣಿಯ ತೊಟ್ಟಿ. ಆ ಬೆಕ್ಕಿನ ಸಾವಿನ ಮೇಲೆ ಕವಿ ಥಾಮಸ್ ಗ್ರೇ ಪದ್ಯ ಬರೆದಿದ್ದಾನೆ. ವಾಲ್‌ಪೋಲ್ ತೊಟ್ಟಿಯನ್ನು ಪೀಠದ ಮೇಲಿಟ್ಟು ಬಂದವರಿಗೆ ತೋರಿಸುತ್ತಿದ್ದ.

ಟೋಪಿ, ಕಪ್ಪು ಕನ್ನಡಿ, ಬೆಕ್ಕು ಬಿದ್ದ ತೊಟ್ಟಿ. ಇದನ್ನು ಯಾವುದಾದರೂ ಹಿಡನ್ ಆಬ್ಜೆಕ್ಟ್ ಆಟದ ಪಟ್ಟಿ ಎಂದರೂ ಯಾರೂ ಅನುಮಾನಪಡುವುದಿಲ್ಲ. ವಾಲ್‌ಪೋಲ್ ಮನೆಯಲ್ಲೇ ಮುದ್ರಣಾಲಯ ಇಟ್ಟುಕೊಂಡಿದ್ದ. ಯಾವ ಕೋಣೆಯಲ್ಲಿ ಯಾವ ವಸ್ತು ಇದೆ ಎನ್ನುವ ವಿವರಣೆಯ ಪುಸ್ತಕವನ್ನು ಅಲ್ಲೇ ಅಚ್ಚು ಮಾಡಿಸಿದ. 1784ರಲ್ಲಿ ಚಿತ್ರಗಳ ಸಮೇತ ಹೊಸ ಆವೃತ್ತಿಯೂ ಬಂತು. ಅವನು ತೀರಿಕೊಂಡು ಬಹಳ ಕಾಲದ ಮೇಲೆ, 1842ರಲ್ಲಿ, ಆ ಸಾಮಾನೆಲ್ಲ ಹರಾಜಿಗೆ ಬಂದಾಗ ಹರಾಜು 24 ದಿನ ನಡೆಯಿತು.

ಈ ಮನೆಯಲ್ಲಿ ಮಲಗಿದ್ದಾಗ ವಾಲ್‌ಪೋಲ್‌ಗೆ ಒಂದು ಕನಸು ಬಿತ್ತು: ಮಹಡಿ ಮೆಟ್ಟಿಲಿನ ಕಟಕಟೆಯ ಮೇಲೆ ಕವಚ ತೊಟ್ಟ ಒಂದು ಭಾರಿ ಕೈ. ಎದ್ದವನು ಬರೆಯಲು ಕೂತ. 1764ರ ಕ್ರಿಸ್‌ಮಸ್ ಹೊತ್ತಿಗೆ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ ಬಂತು. ಗಾಥಿಕ್ ಕಾದಂಬರಿಗಳ ಹಿರಿಯಜ್ಜ ಅದು. ಮೊದಲ ಪುಟಗಳಲ್ಲೇ, ಮದುವೆಯ ದಿನ ಮದುಮಗನ ಮೇಲೆ ಆಕಾಶದಿಂದ ಆನೆಗಾತ್ರದ ಶಿರಸ್ತ್ರಾಣ ಬಿದ್ದು ಅವನು ಅಪ್ಪಚ್ಚಿಯಾಗುತ್ತಾನೆ. ಮಗ ಸತ್ತ ದಿನವೇ ಅಪ್ಪ ಮ್ಯಾನ್‌ಫ್ರೆಡ್ ಆ ಮದುಮಗಳನ್ನು ತಾನೇ ಕಟ್ಟಿಕೊಳ್ಳುತ್ತೇನೆಂದು ಬೆನ್ನು ಹತ್ತುತ್ತಾನೆ. ಹುಡುಗಿ ಇಸಾಬೆಲ್ಲಾ ಕೋಟೆಯ ಕೆಳಗಿನ ಸುರಂಗದಲ್ಲಿ ದೀಪ ಹಿಡಿದು ಓಡುತ್ತಾಳೆ. ಅತಿಯಾಸೆಯ ಗಂಡಸು, ಮನೆಯೇ ಜೈಲಾದ ಹೆಂಗಸು, ನೆಲಮಾಳಿಗೆ, ಬೀಗ, ಮಾತಾಡುವ ವಸ್ತು. ಮುಂದೆ ಬಂದವರು ಇದಕ್ಕೆ ಸೇರಿಸಿದ್ದು ಕಡಿಮೆ.

ಆನ್ ರಾಡ್‌ಕ್ಲಿಫ್ ಇನ್ನೂ ಚಾಲಾಕಿ. 1794ರ ‘ದ ಮಿಸ್ಟರೀಸ್ ಆಫ್ ಉಡಾಲ್ಫೊ’ದಲ್ಲಿ ನಾಯಕಿ ಎಮಿಲಿ ಒಂದು ಕಪ್ಪು ಪರದೆ ಸರಿಸುತ್ತಾಳೆ, ಹಿಂದೆ ಇದ್ದದ್ದನ್ನು ನೋಡಿ ಪ್ರಜ್ಞೆ ತಪ್ಪಿ ಬೀಳುತ್ತಾಳೆ. ಏನಿತ್ತು? ಲೇಖಕಿ ಹೇಳುವುದಿಲ್ಲ. ನೂರಾರು ಪುಟ ಕಾಯಿಸಿ, ಕೊನೆಗೆ, ಅದು ಮೇಣದ ಬೊಂಬೆ ಕಣ್ರೀ ಅನ್ನುತ್ತಾಳೆ. ಹೆಣದ ಹಾಗೆ ಮಾಡಿದ ಬೊಂಬೆ. ಓದುಗರಿಗೆ ಸಿಟ್ಟು ಬಂದರೂ ಪುಸ್ತಕ ಕೆಳಗಿಟ್ಟವರಿಲ್ಲ.

ಇದನ್ನೆಲ್ಲ ಓದಿ ನಕ್ಕವಳು ಜೇನ್ ಆಸ್ಟಿನ್. ಅವಳ ‘ನಾರ್ಥ್ಯಾಂಗರ್ ಆ್ಯಬಿ’ 1817ರ ಕೊನೆಗೆ, ಅವಳು ತೀರಿಕೊಂಡ ಮೇಲೆ ಅಚ್ಚಾಯಿತು. ಉಡಾಲ್ಫೊ ಓದಿ ತಲೆ ತುಂಬಿಸಿಕೊಂಡ ಕ್ಯಾಥರೀನ್ ಎಂಬ ಹದಿನೇಳರ ಹುಡುಗಿ ಹಳೆಯ ಮಠವೊಂದನ್ನು ಮನೆ ಮಾಡಿಕೊಂಡ ಕುಟುಂಬದಲ್ಲಿ ಅತಿಥಿಯಾಗಿ ಹೋಗುತ್ತಾಳೆ. ಕೋಣೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ. ಎದೆ ಡವಗುಟ್ಟುತ್ತ ಮುಚ್ಚಳ ಎತ್ತಿದರೆ ಮಡಿಸಿಟ್ಟ ಬಿಳಿ ಹಾಸಿಗೆ ಹೊದಿಕೆ. ರಾತ್ರಿ ಗಾಳಿ ಮಳೆ. ಮೂಲೆಯ ಕಪ್ಪು ಬಣ್ಣದ ಕಪಾಟಿನ ಬೀಗ ತಿರುಗಿಸಿದರೂ ತೆರೆಯದು. ಮತ್ತೆ ತಿರುಗಿಸಿ, ಎಳೆದು, ಒಂದೊಂದೇ ಡ್ರಾ ತಡಕಾಡಿ, ಕೊನೆಗೆ ಹಿಂದೆ ತಳ್ಳಿದ್ದ ಕಾಗದದ ಸುರುಳಿಯೊಂದು ಸಿಗುತ್ತದೆ. ಅಷ್ಟರಲ್ಲಿ ದೀಪ ಆರುತ್ತದೆ. ರಾತ್ರಿ ಬಹುಹೊತ್ತು ನಿದ್ದೆ ಇಲ್ಲ. ಬೆಳಗಾದ ಮೇಲೆ ಬಿಡಿಸಿ ನೋಡಿದರೆ ಅಗಸರ ಲೆಕ್ಕ: ಅಂಗಿ ಇಷ್ಟು, ಕಾಲುಚೀಲ ಇಷ್ಟು. ಇನ್ನೂ ಮಜವೆಂದರೆ, ಕಪಾಟಿಗೆ ಮೊದಲು ಬೀಗವೇ ಹಾಕಿರಲಿಲ್ಲ, ಕೀಲಿ ತಿರುಗಿಸಿ ಬೀಗ ಹಾಕಿದ್ದು ತಾನೇ ಇರಬೇಕು ಎಂದು ಅವಳಿಗೆ ಹೊಳೆಯುತ್ತದೆ. ಹಿಡನ್ ಆಬ್ಜೆಕ್ಟ್ ಆಡುವವರ ಮನಸ್ಸನ್ನು ಇದಕ್ಕಿಂತ ಚೆನ್ನಾಗಿ ಬರೆದವರು ನನಗೆ ಕಂಡಿಲ್ಲ. ಹೆದರಿಕೆ ಬೇಕು, ಡ್ರಾಯರ್ ಎಳೆದು ನೋಡುವ ಚಪಲ ಅದಕ್ಕಿಂತ ಹೆಚ್ಚು ಬೇಕು.

ನಮ್ಮ ‘ಆಪ್ತಮಿತ್ರ’ (2004) ಸಿನಿಮಾದಲ್ಲೂ ಗಂಗಾಳನ್ನು ಸೆಳೆಯುವುದು ಬೀಗ ಹಾಕಿದ ಕೋಣೆಯೇ ಅಲ್ಲವೆ? ಬಾಗಿಲು ತೆಗೆದ ಮೇಲೆ ಅವಳಿಗೆ ಸಿಗುವುದು ಸತ್ತ ನರ್ತಕಿ ನಾಗವಲ್ಲಿಯ ಚಿತ್ರಪಟ, ಒಡವೆ-ವಸ್ತ್ರ. ನಾಗವಲ್ಲಿ ಬರುವುದು ಆ ವಸ್ತುಗಳ ಹಿಂದೆ.

ಎಡ್ಗರ್ ಅಲನ್ ಪೋ ಹೆಸರು ಇಲ್ಲಿ ಬಿಡುವ ಹಾಗಿಲ್ಲ. 1844ರ ‘ದ ಪರ್ಲಾಯ್ನ್ಡ್ ಲೆಟರ್’ ಕಥೆಯಲ್ಲಿ ಪ್ಯಾರಿಸ್‌ನ ಪೊಲೀಸರು ಮಂತ್ರಿಯೊಬ್ಬನ ಮನೆಯಲ್ಲಿ ಕದ್ದ ಪತ್ರಕ್ಕಾಗಿ ಕುರ್ಚಿಯ ದಿಂಬಿಗೆ ಸೂಜಿ ಚುಚ್ಚಿ, ಮೇಜು-ಕುರ್ಚಿಗಳ ಕೀಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಸೋಲುತ್ತಾರೆ. ಪತ್ರ ಎಲ್ಲರ ಕಣ್ಣೆದುರೇ ಇತ್ತು, ಕೊಳಕು ಮಾಡಿ ಕಾಗದದ ಗೂಡಿನಲ್ಲಿ ಸಿಕ್ಕಿಸಿತ್ತು. ಅದನ್ನು ಕಂಡುಹಿಡಿದ ಪತ್ತೇದಾರ ದ್ಯೂಪ್ಯಾಂ ಒಂದು ಆಟದ ಮಾತು ತೆಗೆಯುತ್ತಾನೆ. ನಕಾಶೆ ಹರಡಿಕೊಂಡು ಒಬ್ಬರು ಒಂದು ಹೆಸರು ಹೇಳುವುದು, ಇನ್ನೊಬ್ಬರು ಹುಡುಕುವುದು. ಹೊಸಬರು ತೀರಾ ಚಿಕ್ಕ ಅಕ್ಷರದ ಹೆಸರು ಆರಿಸಿಕೊಳ್ಳುತ್ತಾರೆ; ಪಳಗಿದವರು ಈ ಅಂಚಿನಿಂದ ಆ ಅಂಚಿಗೆ ದಪ್ಪ ಅಕ್ಷರದಲ್ಲಿ ಹಬ್ಬಿದ ಹೆಸರನ್ನೇ ಹೇಳುತ್ತಾರೆ, ಏಕೆಂದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಇಂದು ಆಟ ಚಿತ್ರಿಸುವವರೂ ಇದನ್ನೇ ಮಾಡುತ್ತಾರೆ. ಗೋಡೆಯಷ್ಟು ದೊಡ್ಡ ಬಾಚಣಿಗೆಯನ್ನು ಗೋಡೆಯ ಬಣ್ಣದಲ್ಲೇ ಬರೆದು ನಿಲ್ಲಿಸಿದರೆ ಆಡುವವರು ಹತ್ತು ನಿಮಿಷ ಮೂಲೆಗಳನ್ನು ಕೆದಕುತ್ತಾರೆ. ಋಣ ಸಂದಾಯವೋ ಎಂಬಂತೆ 2009ರಿಂದ ‘ಡಾರ್ಕ್ ಟೇಲ್ಸ್’ ಎಂಬ ಆಟದ ಸರಣಿ ಪೋನ ಕಥೆಗಳನ್ನೇ ಒಂದೊಂದಾಗಿ ತೆಗೆದುಕೊಂಡಿತು. ಅದರಲ್ಲಿ ದ್ಯೂಪ್ಯಾಂ ಕೂಡ ಇದ್ದಾನೆ.

ಇದ್ದರೂ ಕಾಣದ್ದು

ಎದುರಿಗೇ ಇರುವ ಕತ್ತರಿ ಕಣ್ಣಿಗೆ ಯಾಕೆ ಬೀಳುವುದಿಲ್ಲ? ಮನೆಯಲ್ಲಿ ಕನ್ನಡಕ ಹುಡುಕುವವರೆಲ್ಲ ಕೇಳಿಕೊಂಡ ಪ್ರಶ್ನೆ ಇದು. ಆ್ಯನ್ ಟ್ರೀಸ್‌ಮನ್ ಎಂಬ ಮನಶ್ಶಾಸ್ತ್ರಜ್ಞೆ ತಮ್ಮ ಸಹೋದ್ಯೋಗಿ ಗೆಲಾಡ್ ಜೊತೆ 1980ರಲ್ಲಿ ಪ್ರಕಟಿಸಿದ ಸಿದ್ಧಾಂತ ಒಂದು ಉತ್ತರ ಕೊಡುತ್ತದೆ. ಹಸಿರು ವಸ್ತುಗಳ ನಡುವೆ ಒಂದೇ ಒಂದು ಕೆಂಪು ವಸ್ತು ಇದ್ದರೆ ಅದು ತಾನಾಗಿ ಎದ್ದು ಕಾಣುತ್ತದೆ, ಸುತ್ತ ಹತ್ತಿರಲಿ ನೂರಿರಲಿ ವ್ಯತ್ಯಾಸವಿಲ್ಲ. ಆದರೆ ಕೆಂಪು ಗೆರೆಗಳೂ ಹಸಿರು ಗೆರೆಗಳೂ ಕಲಸಿರುವಲ್ಲಿ, ಕೆಂಪೂ ಆಗಿರಬೇಕು, ಅಡ್ಡವೂ ಆಗಿರಬೇಕು ಎಂಬ ಎರಡು ಗುಣ ಒಟ್ಟಿಗಿರುವುದನ್ನು ಹುಡುಕುವಾಗ ಗಮನ ಒಂದೊಂದರ ಮೇಲೂ ಹೋಗಿ ನಿಲ್ಲಬೇಕು. ವಸ್ತುಗಳು ಹೆಚ್ಚಿದಂತೆ ಹೊತ್ತೂ ಹೆಚ್ಚುತ್ತದೆ.

ಆಟದ ಚಿತ್ರಕಾರರ ಕೆಲಸವೆಲ್ಲ ಯಾವುದೂ ಎದ್ದು ಕಾಣದಂತೆ ನೋಡಿಕೊಳ್ಳುವುದು. ಕಂದು ಮೇಜಿನ ಅಂಚಿಗೆ ಕಂದು ಪಿಟೀಲು. ಪರದೆಯ ನೆರಿಗೆಯಲ್ಲಿ ನೆರಿಗೆಯಂತೆಯೇ ನಿಂತ ಛತ್ರಿ. ಗೋಡೆಗಾಗದದ ಬಳ್ಳಿಗಳ ನಡುವೆ ಬಳ್ಳಿಯಾದ ಹಾವು. ಬಾತುಕೋಳಿ ಬೆರಳಗಾತ್ರ, ಚೆಸ್ ಕುದುರೆ ಕಂಬದೆತ್ತರ. ಇಂಗ್ಲಿಷ್‌ನಲ್ಲಿ ‘ಬ್ಯಾಟ್’ ಎಂದು ಬರೆದು, ದಾಂಡು ಹುಡುಕುವವರ ಕಣ್ಣು ತಪ್ಪಿಸಿ ಸೂರಿಗೆ ಬಾವಲಿ ನೇತುಹಾಕುವ ಕಿಡಿಗೇಡಿತನವೂ ಉಂಟು. ಇದಕ್ಕೆ ಗಾಥಿಕ್ ಮನೆ ಹೇಳಿ ಮಾಡಿಸಿದ ಜಾಗ. ಬೆಳಕು ಕಡಿಮೆ, ಎಲ್ಲ ಬಣ್ಣವೂ ಕಂದು-ನೀಲಿಗೆ ತಿರುಗಿದ್ದು, ಕೆತ್ತನೆಯ ಮರ, ಕುಸುರಿ ತುಂಬಿದ ಗೋಡೆ. ಬಿಳಿ ಸುಣ್ಣ ಬಳಿದ ಖಾಲಿ ಕೋಣೆಯಲ್ಲಿ ಏನನ್ನು ಬಚ್ಚಿಡುತ್ತೀರಿ? ಭೂತಬಂಗಲೆ ಇಲ್ಲಿ ಬಂದದ್ದು ಹೆದರಿಸಲಿಕ್ಕೆ ಎಷ್ಟೋ, ಬಚ್ಚಿಡಲಿಕ್ಕೂ ಅಷ್ಟೇ.

ಕಣ್ಣಿನ ಬಗ್ಗೆ ಇನ್ನೊಂದು ಸಂಗತಿ. ಅಮೆರಿಕದ ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿಮಾನ ನಿಲ್ದಾಣದಲ್ಲಿ ಬ್ಯಾಗು ನೋಡುವವರ ಕೆಲಸದ ನಕಲು ಅದು. ಹುಡುಕಬೇಕಾದ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಜನ ಸುಮಾರು ಶೇ 7ರಷ್ಟನ್ನು ಮಾತ್ರ ತಪ್ಪಿಸಿಕೊಂಡರು. ಅದೇ ವಸ್ತು ನೂರು ಚಿತ್ರಗಳಲ್ಲಿ ಒಂದರಲ್ಲಿ ಮಾತ್ರ ಇದ್ದಾಗ ತಪ್ಪು ಶೇ 30ಕ್ಕೆ ಏರಿತು. ಅಪರೂಪಕ್ಕೆ ಸಿಗುವುದನ್ನು ಕಣ್ಣು ಹುಡುಕುವುದನ್ನೇ ಬಿಟ್ಟುಬಿಡುತ್ತದೆ. ಆಟದ ಪಟ್ಟಿ ಮಾಡುವುದು ಇದರ ತಿರುಗುಮುರುಗು: ಇದೆ, ಖಂಡಿತ ಇದೆ, ಈ ಚೌಕಟ್ಟಿನೊಳಗೇ ಇದೆ ಎಂದು ಮಾತು ಕೊಡುತ್ತದೆ. ಆ ಭರವಸೆಯ ಮೇಲೆ ಜನ ರಾತ್ರಿ ಹನ್ನೊಂದಾದರೂ ಏಳದೆ ಕೂರುತ್ತಾರೆ. ನಿಜವಾದ ಮನೆಯಲ್ಲಿ ಕಳೆದುಹೋದ ಕೀಲಿಕೈ ಬಗ್ಗೆ ಅಂಥ ಮಾತನ್ನು ಯಾರು ಕೊಡುತ್ತಾರೆ?

ಮಾತು ಕೊಟ್ಟ ಮೇಲೆ ಮೋಸ ಮಾಡಬಾರದು. ಒಳ್ಳೆಯ ಆಟದಲ್ಲಿ ಸಿಕ್ಕಿದ ವಸ್ತುವನ್ನು ನೋಡಿದಾಗ ‘ಅಯ್ಯೋ, ಇಲ್ಲೇ ಇತ್ತಲ್ಲ’ ಅನ್ನಿಸುತ್ತದೆ. ಕೆಟ್ಟ ಆಟದಲ್ಲಿ ಸಿಕ್ಕ ಮೇಲೂ ಅದು ಬಾಚಣಿಗೆಯೇ ಹೌದೇ ಎಂದು ಅನುಮಾನ ಉಳಿಯುತ್ತದೆ. ಬೇಸತ್ತು ಎಲ್ಲ ಕಡೆ ಸುಮ್ಮನೆ ಕ್ಲಿಕ್ ಮಾಡಿದರೆ ಆಟ ಮೌಸನ್ನು ಕೆಲ ಕ್ಷಣ ಕಟ್ಟಿಹಾಕಿ ಶಿಕ್ಷೆ ಕೊಡುವುದೂ ಉಂಟು. ಆ ಶಿಕ್ಷೆ ಎಷ್ಟೋ ಸಲ ಚಿತ್ರಕಾರರಿಗೆ ಸಲ್ಲಬೇಕಾದದ್ದು.

ಇಂಥ ಹುಡುಕಾಟಕ್ಕೆ ಪುಸ್ತಕದ ಬೇರೂ ಇದೆ. ಮಾರ್ಟಿನ್ ಹ್ಯಾಂಡ್‌ಫರ್ಡ್ 1987ರಲ್ಲಿ ಗುಂಪಿನ ನಡುವೆ ಕೆಂಪು-ಬಿಳಿ ಪಟ್ಟೆಯ ಅಂಗಿಯ ವಾಲಿ ಎಂಬವನನ್ನು ಬಚ್ಚಿಟ್ಟ. 1992ರಲ್ಲಿ ಶುರುವಾದ ‘ಐ ಸ್ಪೈ’ ಪುಸ್ತಕಗಳಲ್ಲಿ ವಾಲ್ಟರ್ ವಿಕ್ ಆಟಿಕೆ, ಗುಂಡಿ, ಗೋಲಿಗಳನ್ನು ಹರಡಿ ಫೋಟೊ ತೆಗೆದರೆ ಜೀನ್ ಮಾರ್ಜೊಲೊ ಪ್ರಾಸದಲ್ಲಿ ಪಟ್ಟಿ ಬರೆದರು. ಎರಡು ಚಿತ್ರದ ನಡುವೆ ಆರು ವ್ಯತ್ಯಾಸ ಹುಡುಕುವುದನ್ನು ನಮ್ಮ ಪುರವಣಿಗಳೂ ಎಷ್ಟೋ ಕಾಲದಿಂದ ಮಾಡಿಸುತ್ತಿವೆ. ಪುಸ್ತಕಗಳಲ್ಲಿ ಇಲ್ಲದಿದ್ದದ್ದು ಬಾಗಿಲು. 1993ರಲ್ಲಿ ಸಿ.ಡಿ.ಯಲ್ಲಿ ಬಂದ ‘ಮಿಸ್ಟ್’ ಮತ್ತು ‘ದ ಸೆವೆಂತ್ ಗೆಸ್ಟ್’ ಆಟಗಳು ಆ ಬಾಗಿಲು ಕೊಟ್ಟವು. ಮೊದಲನೆಯದು ನಿರ್ಜನ ದ್ವೀಪ, ಎರಡನೆಯದು ಒಗಟುಗಳಿಂದಲೇ ಕಟ್ಟಿದ ದೆವ್ವದ ಮನೆ.

ಎಮ್ಮಾಳ ದಿನಚರಿ

ರೇವನ್‌ಹರ್ಸ್ಟ್ ಕಥೆಯನ್ನು ಪೂರ್ತಿ ಹೇಳಿ ಆಡುವವರ ರುಚಿ ಕೆಡಿಸುವುದಿಲ್ಲ, ಎಲುಬುಗೂಡು ಹೇಳುತ್ತೇನೆ. ಎಮ್ಮಾ ರೇವನ್‌ಹರ್ಸ್ಟ್ ಅಮೆರಿಕದಿಂದ ಇಂಗ್ಲೆಂಡಿಗೆ ಬಂದವಳು. ಚಾರ್ಲ್ಸ್ ಡಾಲಿಮಾರ್ ಎಂಬವನು ಅವಳನ್ನು ಮೆಚ್ಚುತ್ತಾನೆ, ಮದುವೆಗೆ ಕೇಳುತ್ತಾನೆ, ಅವಳು ಒಲ್ಲೆ ಎನ್ನುತ್ತಾಳೆ. ಆಮೇಲೆ ಅವಳಿಗೆ ಕಾಯಿಲೆ. ಅವನದೇ ಆರೈಕೆ. ಆ ಆರೈಕೆಯಿಂದ ಅವಳು ಹೊರಗೆ ಬರುವುದಿಲ್ಲ. ಇದೆಲ್ಲ ನಮಗೆ ತಿಳಿಯುವುದು ಅವಳ ದಿನಚರಿಯ ಚದುರಿದ ಹಾಳೆಗಳಿಂದ. ಸಾಮಾನು ಹುಡುಕಿದಂತೆ ಹಾಳೆಗಳೂ ಸಿಗುತ್ತ ಹೋಗುತ್ತವೆ, ಕತ್ತರಿ-ಗೂಬೆಗಳ ನಡುವೆ ಒಬ್ಬಳ ಬದುಕು ಜೋಡಣೆಯಾಗುತ್ತದೆ.

ಈ ಆಟದ ಅಸಲಿ ಹೆಗ್ಗಳಿಕೆ ಬಾಗಿಲುಗಳು. ಕೋಣೆಯಿಂದ ಕೋಣೆಗೆ ಹೋಗಲು ಸಾದಾ ಬೀಗವಿಲ್ಲ. ಬಾಗಿಲಿನ ಮೈತುಂಬ ಚಕ್ರ, ಸನ್ನೆ, ಗುಂಡಿಗಳ ಯಂತ್ರ. ಒಂದನ್ನು ಸರಿಸಿದರೆ ಇನ್ನೊಂದು ತಿರುಗಿ ಮತ್ತೊಂದು ಬಿದ್ದು ಕೊನೆಗೆ ಅಗುಳಿ ಸರಿಯುತ್ತದೆ. ಮೊದಲು ಇದು ಬರೀ ಒಗಟು ಅನ್ನಿಸುತ್ತದೆ. ನಾಲ್ಕಾರು ಬಾಗಿಲು ದಾಟಿದ ಮೇಲೆ ಬೇರೆಯೇ ಯೋಚನೆ ಬರುತ್ತದೆ: ಮಲಗುವ ಕೋಣೆಗೆ ಇಂಥ ಬೀಗ ಮಾಡಿಸುವವನು ಎಂಥವನು? ಒಳಗಿರುವವರು ಹೊರಗೆ ಹೋಗಬಾರದೆಂದು ಇಷ್ಟು ತಲೆ ಓಡಿಸಿದವನ ಜೊತೆ ಒಂದೇ ಸೂರಿನಡಿ ಇರುವುದೆಂದರೆ ಏನು? ಚಾರ್ಲ್ಸ್ ತೆರೆಯ ಮೇಲೆ ಬಂದು ಅಟ್ಟಹಾಸ ಮಾಡಬೇಕಾಗಿಯೇ ಇಲ್ಲ. ಬಾಗಿಲುಗಳು ಅವನನ್ನು ತೋರಿಸಿಕೊಡುತ್ತವೆ.

2008ರ ‘ರಿಟರ್ನ್ ಟು ರೇವನ್‌ಹರ್ಸ್ಟ್’ ಇನ್ನೂ ಒಂದು ಹೆಜ್ಜೆ ಮುಂದೆ. ಎಮ್ಮಾ ಒಬ್ಬಳೇ ಅಲ್ಲ, ರೋಸ್ ಸಾಮರ್‌ಸೆಟ್ ಎಂಬ ಹೆಂಗಸು, ಅವಳ ಅವಳಿ ಹೆಣ್ಣುಮಕ್ಕಳು ಶಾರ್ಲೆಟ್ ಮತ್ತು ಗ್ವೆಂಡೊಲಿನ್ ಕೂಡ ಅಲ್ಲಿ ಸಿಕ್ಕಿಬಿದ್ದಿದ್ದಾರೆ. ಅವರ ಆತ್ಮಗಳನ್ನು ಹಿಡಿದಿಟ್ಟುಕೊಂಡು ಚಾರ್ಲ್ಸ್ ತಾನು ಸಾಯದಿರಲು ಹೊರಟಿದ್ದಾನೆ. ಆಟದ ರೀತಿಯೂ ಬದಲಾಯಿತು. ಕೋಣೆಗಳ ಪಟ್ಟಿಯಿಂದ ಒಂದನ್ನು ಆರಿಸಿಕೊಳ್ಳುವ ಬದಲು ಮನೆಯೊಳಗೆ ನಾವೇ ನಡೆದಾಡಬಹುದು, ಇಲ್ಲಿ ಸಿಕ್ಕಿದ ಸುತ್ತಿಗೆಯನ್ನು ಜೇಬಿಗೆ ಹಾಕಿಕೊಂಡು ಹೋಗಿ ಅಲ್ಲಿನ ಹಲಗೆ ಒಡೆಯಬಹುದು. ಹುಡುಕಾಟ, ಒಗಟು, ಸಾಹಸ ಮೂರೂ ಸೇರಿದ ಈ ಅಚ್ಚಿನಲ್ಲೇ ಮುಂದಿನ ನೂರಾರು ಆಟಗಳು ತಯಾರಾದವು. ಇವೆರಡೂ ಪತ್ತೇದಾರಿ ಕಾದಂಬರಿಯ ಅಳತೆಯವು; ಎರಡು ಮೂರು ಸಂಜೆ ಸಾಕು.

ಇವನ್ನು ಹೆಚ್ಚಾಗಿ ಆಡಿದವರು ನಡುವಯಸ್ಸಿನ, ಅದು ದಾಟಿದ ಹೆಂಗಸರು. ಉದ್ಯಮದವರಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. ಕಾರಣ ಕೇಳಿದರೆ, ಬೆರಳಿನ ಚುರುಕು ಬೇಡ, ಒಲೆಯ ಮೇಲೆ ಹಾಲಿಟ್ಟು ಮಧ್ಯೆ ಎದ್ದು ಹೋಗಬಹುದು, ಆಟದಲ್ಲಿ ಸಾಯುವುದಿಲ್ಲ ಎನ್ನುತ್ತಾರೆ. ನಿಜವೇ. ಆದರೆ ಅಷ್ಟಕ್ಕೇ ಆಗಿದ್ದರೆ ಇಸ್ಪೀಟಿನ ಸಾಲಿಟೇರ್ ಸಾಕಿತ್ತು. ರಾಡ್‌ಕ್ಲಿಫ್ ಕಾದಂಬರಿಗಳನ್ನೂ ಓದಿ ಓದಿ ಹರಿದವರು ಹೆಚ್ಚಾಗಿ ಹೆಂಗಸರೇ. ಈ ಮನೆಯಲ್ಲಿ ನನಗಿಂತ ಮೊದಲು ಇದ್ದವಳಿಗೆ ಏನಾಯಿತು ಎಂಬ ಪ್ರಶ್ನೆಯನ್ನು ಗಾಥಿಕ್ ಕಥೆ ಬಿಟ್ಟಿದ್ದೇ ಇಲ್ಲ. ಆಟ ಆ ಪ್ರಶ್ನೆ ಕೇಳುವ ಕೆಲಸವನ್ನು ಕಾದಂಬರಿಯ ನಾಯಕಿಯಿಂದ ತೆಗೆದು ಆಡುವವರ ಕೈಗೆ ಕೊಟ್ಟಿತು. ಎಮಿಲಿ ಮೂರ್ಛೆ ಹೋದಲ್ಲಿ ಇವರು ‘ಸುಳಿವು’ ಗುಂಡಿ ಒತ್ತಿ ಮುಂದಕ್ಕೆ ಹೋಗುತ್ತಾರೆ.

ಕಾರ್ಖಾನೆಯಾದ ಮೇಲೆ

ಪಾಲ್ ಥೀಲೆನ್ 2002ರಲ್ಲಿ ಕಟ್ಟಿದ ಬಿಗ್ ಫಿಶ್ ದಿನಕ್ಕೊಂದು ಹೊಸ ಆಟ ಎಂದು ಸಾರುತ್ತಿತ್ತು. ಯಾವ ಆಟವನ್ನಾದರೂ ಒಂದು ಗಂಟೆ ಪುಕ್ಕಟೆ ಆಡಿ, ಇಷ್ಟವಾದರೆ ಕೊಳ್ಳಿ. ಗಿರಾಕಿಗೆ ಒಳ್ಳೆಯದೇ. ಆದರೆ ವ್ಯಾಪಾರವೆಲ್ಲ ಆ ಮೊದಲ 60 ನಿಮಿಷದಲ್ಲಿ ಕುದುರಬೇಕಾದ್ದರಿಂದ ಒಳ್ಳೆಯ ಚಿತ್ರ, ಒಳ್ಳೆಯ ಒಗಟು, ಒಳ್ಳೆಯ ಹೆದರಿಕೆ ಎಲ್ಲ ಅಲ್ಲಿಗೇ ಸುರಿಯುವ ಚಾಳಿ ಬೆಳೆಯಿತು. ಎಷ್ಟೋ ಆಟಗಳು ಎರಡನೇ ಗಂಟೆಗೆ ಏದುಸಿರು ಬಿಡುತ್ತವೆ.

ದಿನಕ್ಕೊಂದು ಆಟ ಸಿಯಾಟಲ್ ಒಂದರಲ್ಲೇ ಆಗುವ ಕೆಲಸವಲ್ಲ. ಪೂರ್ವ ಯುರೋಪಿನ ಸ್ಟುಡಿಯೊಗಳು ಹೆಗಲು ಕೊಟ್ಟವು. ಸರ್ಬಿಯಾದ ನೋವಿ ಸಾದ್ ನಗರದ ಐಪಿಕ್ಸ್, ಪೋಲೆಂಡಿನ ಕಲ್ಲಿದ್ದಲು ಗಣಿಗಳ ಊರು ಜಾಬ್ಜೆಯ ಆರ್ಟಿಫೆಕ್ಸ್ ಮುಂಡಿ, ರಷ್ಯಾದ ಎಲಿಫೆಂಟ್ ಗೇಮ್ಸ್, ಅದೇ ದೇಶದ ವೊಲೊಗ್ದಾ ನಗರದ ಪ್ಲೇರಿಕ್ಸ್. ಕೈಯಿಂದ ಚಿತ್ರ ಬರೆಯುವ ನೈಪುಣ್ಯ ಇವರಲ್ಲಿ ಧಾರಾಳ. ಆರ್ಟಿಫೆಕ್ಸ್ ಮುಂಡಿಯ ‘ಎನಿಗ್ಮಾಟಿಸ್: ದ ಘೋಸ್ಟ್ಸ್ ಆಫ್ ಮೇಪಲ್ ಕ್ರೀಕ್’ (2011) ಇವತ್ತಿಗೂ ಚಂದ ಕಾಣುತ್ತದೆ. ಆದರೆ ಒಟ್ಟು ರಾಶಿಯಲ್ಲಿ ಸೂತ್ರ ಎದ್ದು ಕಾಣತೊಡಗಿತು. ಪ್ರತಿ ಬಾಗಿಲಿಗೂ ಚಂದ್ರನ ಆಕಾರದ ಒಂದು ಬಿಲ್ಲೆ ಬೇಕು; ಬಿಲ್ಲೆ ಪೆಟ್ಟಿಗೆಯಲ್ಲಿದೆ, ಪೆಟ್ಟಿಗೆಗೆ ಹಗ್ಗ ಬಿಗಿದಿದೆ, ಹಗ್ಗ ಕೊಯ್ಯಲು ಚಾಕು ಬೇಕು, ಚಾಕುವಿಗೆ ಹಿಡಿ ಇಲ್ಲ, ಹಿಡಿ ಇರುವುದು ಬಾವಿಯೊಳಗೆ. ಅಷ್ಟು ಕಷ್ಟಪಟ್ಟು ಜೋಡಿಸಿದ ಚಾಕುವನ್ನು ಒಂದು ಹಗ್ಗ ಕೊಯ್ದು ಪತ್ತೇದಾರ ಅಲ್ಲೇ ಎಸೆದುಬಿಡುತ್ತಾನೆ. ಮುಂದಿನ ಕೋಣೆಯಲ್ಲಿ ಮತ್ತೆ ಹಗ್ಗ. ಹೆಚ್ಚು ದುಡ್ಡಿನ ‘ಕಲೆಕ್ಟರ್ಸ್ ಎಡಿಷನ್’ ಎಂಬುದೂ ಬಂತು: ಉಪಸಂಹಾರದಂಥ ಒಂದು ಅಧ್ಯಾಯ ಅದರಲ್ಲಿ ಮಾತ್ರ. ಪತ್ತೇದಾರಿ ಪುಸ್ತಕದ ಕೊನೆಯ ಪುಟಗಳಿಗೆ ಬೇರೆ ಕಾಸು ಕೇಳಿದ ಹಾಗೆ.

ರೇವನ್‌ಹರ್ಸ್ಟ್ ಕೂಡ ಇದರಿಂದ ಪಾರಾಗಲಿಲ್ಲ. ಸರಣಿ ‘ಡೈರ್ ಗ್ರೋವ್’ನಲ್ಲಿ (2009) ನಟರ ವಿಡಿಯೊ ತಂದಿತು, ‘ಶ್ಯಾಡೊ ಲೇಕ್’ಗೆ (2012) ಹಾಲಿವುಡ್‌ನ ಲಿಯಾ ಥಾಮ್ಸನ್‌ರನ್ನು ಕರೆಸಿತು. ಇದರ ನಡುವೆ 2011ರ ‘ಎಸ್ಕೇಪ್ ಫ್ರಮ್ ರೇವನ್‌ಹರ್ಸ್ಟ್’ ಕಥೆಯನ್ನು ಚಾರ್ಲ್ಸ್‌ನ ತಲೆಯೊಳಕ್ಕೇ ಒಯ್ದು, ಅವನ ಬಾಲ್ಯವನ್ನು ಕೆದಕಿ, ರಕ್ತಮಾಂಸದ ಅಸಹ್ಯವನ್ನು ಧಾರಾಳವಾಗಿ ಸುರಿಯಿತು. ಅದನ್ನು ಹೊಗಳುವವರಿದ್ದಾರೆ. ನನಗದು ದಾರಿ ತಪ್ಪಿದ ಕಡೆ. ಎಮ್ಮಾಳ ಮನೆ ಚಾರ್ಲ್ಸ್‌ನ ಮನೆಯಾಯಿತು. 2015ರಲ್ಲಿ ಐಪಿಕ್ಸ್ ಮಾಡಿದ ಎರಡು ಭಾಗಗಳು ಅದೇ ಕಥೆಯನ್ನು ಮತ್ತೆ ಎಬ್ಬಿಸಿದವು, ಹೆದರಿಕೆ ಏಳಲಿಲ್ಲ.

ಅಷ್ಟರಲ್ಲಿ ದುಡ್ಡು ಬೇರೆ ಕಡೆ ಹರಿದಿತ್ತು. 2014ರಲ್ಲಿ ಬಿಗ್ ಫಿಶ್ ಅನ್ನು 88.5 ಕೋಟಿ ಡಾಲರ್‌ವರೆಗಿನ ಬೆಲೆಗೆ ಕೊಂಡದ್ದು ಕೆಂಟಕಿ ಡರ್ಬಿ ಕುದುರೆ ರೇಸ್ ನಡೆಸುವ ಚರ್ಚಿಲ್ ಡೌನ್ಸ್. 2018ರಲ್ಲಿ ಬಿಗ್ ಫಿಶ್ ಆಸ್ಟ್ರೇಲಿಯಾದ ಜೂಜುಯಂತ್ರ ತಯಾರಕ ಅರಿಸ್ಟೊಕ್ರಾಟ್‌ಗೆ 99 ಕೋಟಿ ಡಾಲರ್‌ಗೆ ಹೋಯಿತು. ಕುದುರೆ ಬಾಜಿಯವರಿಗೂ ಜೂಜುಯಂತ್ರದವರಿಗೂ ಪಾಳು ಬಂಗಲೆಯ ಮೇಲೆ ಪ್ರೀತಿ ಉಕ್ಕಿತ್ತೆ? ಅವರ ಕಣ್ಣಿದ್ದದ್ದು ಅದೇ ಕಂಪನಿಯ ಫೋನಿನ ಕ್ಯಾಸಿನೊ ಆಟಗಳ ಮೇಲೆ. ಅವು ಜೂಜೇ ಹೌದೆಂಬ ಮೊಕದ್ದಮೆಯಲ್ಲಿ 2018ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಆಡುವವರ ಪರವಾಗಿ ನಿಂತಿತು, 2020ರಲ್ಲಿ 15.5 ಕೋಟಿ ಡಾಲರ್‌ಗೆ ರಾಜಿಯಾಯಿತು.

ಫೋನಿನಲ್ಲಿ ಹುಡುಕಾಟದ ಆಟ ಸತ್ತಿಲ್ಲ, ರೂಪ ಬದಲಿಸಿದೆ. ಬರ್ಲಿನ್‌ನ ವೂಗಾ 2017ರಲ್ಲಿ ಬಿಟ್ಟ ‘ಜೂನ್ಸ್ ಜರ್ನಿ’ಯಲ್ಲಿ 1920ರ ದಶಕದ ಜೂನ್ ಪಾರ್ಕರ್ ತನ್ನ ಸೋದರಿಯ ಸಾವಿನ ಜಾಡು ಹಿಡಿಯುತ್ತಾಳೆ. ಆಟ ಪುಕ್ಕಟೆ. ಒಂದಷ್ಟು ದೃಶ್ಯ ಆಡಿದ ಮೇಲೆ ‘ಶಕ್ತಿ’ ಮುಗಿಯುತ್ತದೆ: ಕಾಯಬೇಕು, ಇಲ್ಲವೇ ಕಾಸು ಕೊಡಬೇಕು. ಒಂದೇ ಕೋಣೆಯನ್ನು ಐದಾರು ಸಲ ಹುಡುಕಿದರೆ ಕಥೆ ಒಂದಿಂಚು ಮುಂದೆ. ಮುಗಿಯುವ ಕಥೆಯಿಂದ ಇಂಥ ವ್ಯಾಪಾರಕ್ಕೆ ನಷ್ಟ, ಹಾಗಾಗಿ ಮುಗಿಯುವುದಿಲ್ಲ. ಪ್ಲೇರಿಕ್ಸ್‌ನ ‘ಗಾರ್ಡನ್‌ಸ್ಕೇಪ್ಸ್’ನ ಪಾಡು ಇನ್ನೂ ವಿಚಿತ್ರ. 2009ರಲ್ಲಿ ಅದು ಹಳೆಯ ಬಂಗಲೆಯ ಸಾಮಾನು ಹುಡುಕಿ ಮಾರಿ ತೋಟ ಸರಿಮಾಡುವ ಹುಡುಕಾಟದ ಆಟವೇ ಆಗಿತ್ತು. 2016ರಲ್ಲಿ ಫೋನಿಗೆ ಹೊಸದಾಗಿ ಬಂದಾಗ ಹುಡುಕಾಟ ಹೋಗಿ ಮೂರು ಹಣ್ಣು ಜೋಡಿಸುವ ಆಟವಾಯಿತು. ಈಗ ನಮ್ಮ ಬಸ್ಸುಗಳಲ್ಲಿ ಜನ ಆಡುವುದು ಅದನ್ನೇ.

ಈ ಜಾತಿಯ ಆಟ ಇದುವರೆಗೆ ಮುಟ್ಟಿಲ್ಲದವರು 2006 ಮತ್ತು 2008ರ ರೇವನ್‌ಹರ್ಸ್ಟ್‌ಗಳಿಂದ ಶುರುಮಾಡಿ, ಅದೇ ಕ್ರಮದಲ್ಲಿ. ಚಿತ್ರದ ಅಂದ ಮುಖ್ಯ ಅನ್ನುವವರು ‘ಎನಿಗ್ಮಾಟಿಸ್’ನ ಮೂರು ಭಾಗಗಳನ್ನು ಹಿಡಿಯಿರಿ. ಅಮ್ಮನೋ ಅತ್ತೆಯೋ ಪಕ್ಕ ಕೂತರೆ ಇನ್ನೂ ಒಳ್ಳೆಯದು, ನಿಮಗೆ ಕಾಣದ ಕತ್ತರಿ ಅವರಿಗೆ ಕಾಣುತ್ತದೆ. ಪುಕ್ಕಟೆ ಆಟ ಇಳಿಸಿಕೊಳ್ಳುವವರು ಫೋನಿಗೆ ಬ್ಯಾಂಕ್ ಕಾರ್ಡ್ ಜೋಡಿಸಿಡಬೇಡಿ.